ಹುಲ್ಲುಹಾಸಿನ ಕಳೆಗೆ ಔಷಧಿ: ದಾವಣಗೆರೆ, ಚಿತ್ರದುರ್ಗದ ಬಯಲಿಗೆ ಆಯ್ಕೆ, ಅಳತೆ, ಸಿಂಪರಣೆ

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆಯ ಕೃಷಿ ಔಷಧಿ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಕಳೆನಾಶಕಗಳು ಮೆಕ್ಕೆಜೋಳ, ಭತ್ತ, ಶೇಂಗಾ, ಈರುಳ್ಳಿ, ಹತ್ತಿ ಬೆಳೆಯುವ ರೈತರಿಗಾಗಿ ಬಂದವು. ಆ ಹೊಲಗಳಲ್ಲಿ ಗರಿಕೆ ಒಂದು ಹಟಮಾರಿ ಕಳೆ. ಆದರೆ ಮನೆಯ ಅಂಗಳದಲ್ಲಿ, ಶಾಲೆಯ ಆವರಣದಲ್ಲಿ, ಬಡಾವಣೆಯ ಉದ್ಯಾನದಲ್ಲಿ, ಕಲ್ಯಾಣ ಮಂಟಪದ ಮುಂದೆ ನಾವು ಗೊಬ್ಬರ ಹಾಕಿ, ನೀರುಣಿಸಿ, ಕತ್ತರಿಸಿ ಕಾಪಾಡುವ ಹುಲ್ಲುಹಾಸು ಬಹುಪಾಲು ಅದೇ ಗರಿಕೆಯ ಜಾತಿಯದು. ಹೊಲದಲ್ಲಿ ಒಳ್ಳೆಯ ಕೆಲಸ ಮಾಡುವ ಔಷಧಿಯೊಂದು ಲಾನಿನ ಮೇಲೆ ಬಿದ್ದಾಗ ಕಳೆಯನ್ನು ಉಳಿಸಿ ಹುಲ್ಲನ್ನೇ ಒಣಗಿಸಲು ಇದೇ ಕಾರಣ. ಆದ್ದರಿಂದ ಯಾವ ಡಬ್ಬಿಯನ್ನು ಕೈಗೆತ್ತಿಕೊಂಡರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಗರಿಕೆಗೆ ಏನು ಮಾಡುತ್ತದೆ? ಮುಂದಿನ ಎಲ್ಲ ಹೆಜ್ಜೆಗಳೂ ಈ ಪ್ರಶ್ನೆಯಿಂದಲೇ ಹೊರಡುತ್ತವೆ.

ನಿಮ್ಮ ಹುಲ್ಲು ಯಾವುದು?

ಔಷಧಿಯ ಮಾತಿಗೆ ಮುನ್ನ ಹುಲ್ಲನ್ನು ಗುರುತಿಸಿರಿ. ನಮ್ಮ ಕಡೆಯ ಹಾಸುಗಳಲ್ಲಿ ಮುಖ್ಯವಾಗಿ ಕಾಣುವುದು ಗರಿಕೆ ಮತ್ತು ಅದರ ಸುಧಾರಿತ ತಳಿಗಳು. ಇವುಗಳ ಎಲೆ ಕಿರಿದು, ನೆಲದ ಮೇಲೂ ಕೆಳಗೂ ಬಳ್ಳಿ ಓಡುತ್ತದೆ, ಬಿಸಿಲನ್ನು ತಡೆಯುವ ಶಕ್ತಿ ಹೆಚ್ಚು, ನೆರಳಿನಲ್ಲಿ ಮಾತ್ರ ಸೊರಗುತ್ತವೆ. ಎರಡನೆಯದು ನರ್ಸರಿಗಳಲ್ಲಿ ಮೆಕ್ಸಿಕನ್ ಹುಲ್ಲು ಎಂದು ಮಾರುವ ಜಾಯ್ಸಿಯಾ. ಇದು ನಿಧಾನವಾಗಿ ಹಬ್ಬುತ್ತದೆ, ಒಮ್ಮೆ ಕೂಡಿಕೊಂಡರೆ ಮೆತ್ತೆಯಂತೆ ದಟ್ಟವಾಗುತ್ತದೆ. ಮೂರನೆಯದು ಅಗಲ ಎಲೆಯ ಕಾರ್ಪೆಟ್ ಹುಲ್ಲುಗಳು, ಮರದ ನೆರಳಿಗೆ ಜನ ಆರಿಸಿಕೊಳ್ಳುವಂಥವು.

ಈ ವಿಂಗಡಣೆ ಔಷಧಿಯ ದೃಷ್ಟಿಯಿಂದ ನಿರ್ಣಾಯಕ. ಚೆನ್ನಾಗಿ ಬೇರೂರಿದ ಗರಿಕೆ ಮತ್ತು ಮೆಕ್ಸಿಕನ್ ಹುಲ್ಲು ತಡೆದುಕೊಳ್ಳುವ 2,4-ಡಿ ಎಂಬ ಕಳೆನಾಶಕವನ್ನು ಅಗಲ ಎಲೆಯ ಕೆಲವು ಹುಲ್ಲುಗಳು ತಡೆದುಕೊಳ್ಳಲಾರವು. ನಿಮ್ಮದು ಅಗಲ ಎಲೆಯ ಹಾಸಾಗಿದ್ದರೆ ಕೈಯಿಂದ ಕೀಳುವುದನ್ನೇ ಮುಖ್ಯ ವಿಧಾನವಾಗಿ ಇಟ್ಟುಕೊಳ್ಳುವುದು ಲೇಸು. ಹೊಸದಾಗಿ ನೆಟ್ಟ ಹಾಸಿಗೆ, ಅದು ಯಾವ ಜಾತಿಯದೇ ಆಗಿರಲಿ, ಮೂರು ನಾಲ್ಕು ಬಾರಿ ಕತ್ತರಿಸುವಷ್ಟು ಬೆಳೆದು ಕೂಡಿಕೊಳ್ಳುವವರೆಗೆ ಯಾವ ಕಳೆನಾಶಕವನ್ನೂ ಹೊಡೆಯಬಾರದು.

ಕಳೆಯನ್ನು ಗುರುತಿಸುವುದು

ಕಳೆಗಳನ್ನು ಮೂರು ಗುಂಪಾಗಿ ನೋಡಿದರೆ ಸಾಕು. ಗುಂಪು ತಪ್ಪಿದರೆ ಔಷಧಿಯೂ ತಪ್ಪುತ್ತದೆ.

ಅಗಲ ಎಲೆಯ ಕಳೆಗಳಲ್ಲಿ ನಮ್ಮ ಬಯಲುಸೀಮೆಯ ಹಾಸುಗಳಿಗೆ ಬರುವವು ಪಾರ್ಥೇನಿಯಂ, ನೆಗ್ಗಿಲು ಮುಳ್ಳು, ಕೊಮ್ಮೆ, ಅಚ್ಚೆಗಿಡ, ಗೋಣಿ ಸೊಪ್ಪು, ಉತ್ತರಾಣಿ, ಮುಟ್ಟಿದರೆ ಮುನಿ, ಗಾಯಕ್ಕೆ ಅರೆದು ಹಚ್ಚುವ ಟ್ರೈಡ್ಯಾಕ್ಸ್ ಹಾಗೂ ಮೂರೆಲೆಯ ಹುಳಿಸೊಪ್ಪು. ಇವುಗಳ ಎಲೆಯಲ್ಲಿ ನರಗಳು ಬಲೆಯಂತೆ ಹರಡಿರುತ್ತವೆ. ಎರಡನೆಯ ಗುಂಪು ಹುಲ್ಲಿನ ಜಾತಿಯ ಕಳೆಗಳದು. ಕೋಣನತಲೆ ಹುಲ್ಲು ಮತ್ತು ಕಾಡುರಾಗಿ ಇದರಲ್ಲಿ ಮುಖ್ಯವಾದವು. ಮೂರನೆಯದು ಜೇಕಿನ ಗುಂಪು. ಕೊನ್ನಾರಿ ಗಡ್ಡೆ ಇದರ ನಾಯಕ. ಸಂದೇಹ ಬಂದರೆ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ: ಹುಲ್ಲಿನ ಕಾಂಡ ದುಂಡಗೆ ಅಥವಾ ಚಪ್ಪಟೆಯಾಗಿ ಗಿಣ್ಣುಗಳಿಂದ ಕೂಡಿರುತ್ತದೆ, ಕೊನ್ನಾರಿಯ ಕಾಂಡ ಗಿಣ್ಣಿಲ್ಲದೆ ಮೂರು ಅಂಚುಗಳಾಗಿ ಸಿಗುತ್ತದೆ. ಹಾಸನ್ನು ಕತ್ತರಿಸಿದ ಎರಡು ಮೂರು ದಿನಕ್ಕೇ ಉಳಿದ ಹುಲ್ಲಿಗಿಂತ ಎತ್ತರವಾಗಿ, ತಿಳಿ ಹಸಿರಾಗಿ, ಹೊಳಪಿನಿಂದ ನಿಂತಿರುವುದು ಕೊನ್ನಾರಿಯೇ ಎಂದು ದೂರದಿಂದಲೂ ಹೇಳಬಹುದು.

ಇದರ ಜೊತೆಗೆ ಕಳೆ ಒಂದೇ ಹಂಗಾಮಿನದೋ ಬಹುವಾರ್ಷಿಕವೋ ಎಂಬುದನ್ನೂ ಗಮನಿಸಬೇಕು. ನೆಗ್ಗಿಲು, ಗೋಣಿ ಸೊಪ್ಪು, ಕೋಣನತಲೆ ಬೀಜದಿಂದ ಹುಟ್ಟಿ ಒಂದೇ ಹಂಗಾಮಿನಲ್ಲಿ ಸಾಯುವಂಥವು. ಬೀಜ ಕಟ್ಟುವ ಮುನ್ನ ತೆಗೆದರೆ ಕೆಲಸ ಅರ್ಧ ಮುಗಿದಂತೆ. ಕೊಮ್ಮೆಗೆ ಆಳದ ದಪ್ಪ ಬೇರಿದೆ, ಕೊನ್ನಾರಿಗೆ ಗಡ್ಡೆಯ ಸರಪಳಿಯಿದೆ. ಇವು ಮೇಲಿನ ಸೊಪ್ಪು ಹೋದರೂ ಮರಳಿ ಚಿಗುರುತ್ತವೆ.

ಔಷಧಿ ನಿಜವಾಗಿ ಬೇಕೇ?

ಒಂದು ಗುಂಟೆಯಷ್ಟು ಹಾಸಿನಲ್ಲಿ ಅಲ್ಲೊಂದು ಇಲ್ಲೊಂದು ಪಾರ್ಥೇನಿಯಂ, ನೆಗ್ಗಿಲು ಇದ್ದರೆ ಔಷಧಿಯ ಅಗತ್ಯವಿಲ್ಲ. ಹದವಾದ ಮಳೆ ಬಿದ್ದ ಮರುದಿನ ನೆಲ ಮೆತ್ತಗಿರುವಾಗ ಕುರ್ಪಿ ಹಿಡಿದು ಬೇರುಸಹಿತ ಕಿತ್ತರೆ ಮುಗಿಯಿತು. ಪಾರ್ಥೇನಿಯಂ ಅನೇಕರಿಗೆ ಚರ್ಮದ ಅಲರ್ಜಿ ತರುವುದರಿಂದ ಕೈಗವಸು ಹಾಕಿಕೊಂಡು, ಹೂ ಬಿಡುವ ಮುನ್ನವೇ ಕೀಳಬೇಕು.

ಕಳೆ ಹೆಚ್ಚಾಗಲು ಕಾರಣವೇನೆಂದು ಹುಡುಕದೆ ಔಷಧಿ ಹೊಡೆದರೆ ಖಾಲಿಯಾದ ಜಾಗದಲ್ಲಿ ಮತ್ತೆ ಕಳೆಯೇ ಬರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಕಾರಣಗಳು ಮೂರು. ಮೊದಲನೆಯದು ಕೆರೆಗೋಡು ಮತ್ತು ಸರಿಯಾಗಿ ಕೊಳೆಯದ ತಿಪ್ಪೆಗೊಬ್ಬರ. ಲಾನು ಮಾಡಿಸುವಾಗ ಟ್ರ್ಯಾಕ್ಟರಿನಲ್ಲಿ ತಂದು ಸುರಿಯುವ ಗೋಡಿನಲ್ಲಿ ಕೊನ್ನಾರಿ ಗಡ್ಡೆ, ಹಸಿ ಗೊಬ್ಬರದಲ್ಲಿ ನೂರು ಬಗೆಯ ಬೀಜ ಬರುತ್ತವೆ. ಮಣ್ಣು ತರಿಸುವ ಮುನ್ನ ಅದು ತೆಗೆದ ಜಾಗವನ್ನು ಕಣ್ಣಾರೆ ನೋಡಿ, ಅಲ್ಲಿ ಕೊನ್ನಾರಿ ಬೆಳೆದಿದ್ದರೆ ಬೇಡವೆನ್ನುವ ಧೈರ್ಯ ಇರಬೇಕು. ಈ ಒಂದು ಎಚ್ಚರಿಕೆಗೆ ನಾನು ಎಲ್ಲ ಔಷಧಿಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಎರಡನೆಯದು ದಿನವೂ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವ ಅಭ್ಯಾಸ. ಮೇಲ್ಪದರ ಸದಾ ತೇವವಾಗಿದ್ದರೆ ಕಳೆಬೀಜ ಮೊಳೆಯುತ್ತದೆ, ಹುಲ್ಲಿನ ಬೇರು ಆಳಕ್ಕೆ ಇಳಿಯುವುದಿಲ್ಲ. ಬೇರಿನ ಆಳದವರೆಗೆ ನೀರುಣಿಸಿ, ಮಧ್ಯೆ ಕೆಲವು ದಿನ ಒಣಗಲು ಬಿಡಬೇಕು. ಮೂರನೆಯದು ಹುಲ್ಲನ್ನು ಬೋಳಿಸಿದಂತೆ ಕತ್ತರಿಸುವುದು. ಮನೆಯ ಗರಿಕೆ ಹಾಸನ್ನು 2.5ರಿಂದ 4 ಸೆಂಟಿಮೀಟರ್ ಎತ್ತರದಲ್ಲಿ ಇಟ್ಟು, ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿದ್ದರೆ ಹುಲ್ಲಿನ ನೆರಳೇ ಬಹಳಷ್ಟು ಬೀಜಗಳನ್ನು ಮೊಳೆಯದಂತೆ ತಡೆಯುತ್ತದೆ.

ಯಾವ ಔಷಧಿ, ಯಾವುದು ಬೇಡ

ಕಾನೂನಿನ ಮಾತು ಮೊದಲು. ನಮ್ಮ ದೇಶದಲ್ಲಿ ಕಳೆನಾಶಕಗಳೂ 1968ರ ಕೀಟನಾಶಕ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಯಾವ ಔಷಧಿಯನ್ನು ಯಾವ ಬೆಳೆಗೆ, ಎಷ್ಟು ಪ್ರಮಾಣದಲ್ಲಿ ಬಳಸಬೇಕೆಂಬುದು ಅನುಮೋದನೆಯಾಗಿ ಲೇಬಲ್ಲಿನ ಮೇಲೂ ಒಳಗಿನ ಚೀಟಿಯ ಮೇಲೂ ಅಚ್ಚಾಗಿರುತ್ತದೆ. ಅಂಗಡಿಗಳಲ್ಲಿ ದೊರೆಯುವ ಬಹುತೇಕ ಡಬ್ಬಿಗಳ ಮೇಲೆ ಮೆಕ್ಕೆಜೋಳ, ಕಬ್ಬು, ಗೋಧಿ, ಭತ್ತದಂಥ ಬೆಳೆಗಳ ಹೆಸರಿರುತ್ತದೆಯೇ ಹೊರತು ಹುಲ್ಲುಹಾಸಿನ ಹೆಸರು ಅಪರೂಪ. ಆದ್ದರಿಂದ ಅಂಗಡಿಯವರ ಬಾಯಿಮಾತನ್ನು ನೆಚ್ಚದೆ, ಕಳೆಯ ಗಿಡವನ್ನೂ ಹುಲ್ಲಿನ ತುಣುಕನ್ನೂ ಬೇರುಸಹಿತ ತೆಗೆದುಕೊಂಡು ದಾವಣಗೆರೆಯವರು ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ, ಚಿತ್ರದುರ್ಗ ಜಿಲ್ಲೆಯವರು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಬರೆಸಿಕೊಂಡು ಬರುವುದು ಸರಿಯಾದ ದಾರಿ. ಕೆಳಗೆ ಬರೆದಿರುವುದು ಆ ಮಾತುಕತೆಗೆ ನಿಮ್ಮನ್ನು ಸಿದ್ಧಗೊಳಿಸಲಿಕ್ಕೆ.

ಅಗಲ ಎಲೆಯ ಕಳೆಗಳಿಗೆ ಹುಲ್ಲುಹಾಸಿನಲ್ಲಿ ಪ್ರಪಂಚದಾದ್ಯಂತ ಬಹಳ ಕಾಲದಿಂದ ಬಳಕೆಯಲ್ಲಿರುವುದು 2,4-ಡಿ. ಇದು ಗಿಡದ ಬೆಳವಣಿಗೆಯ ಚೋದಕವನ್ನು ಅನುಕರಿಸುತ್ತದೆ. ಅಗಲ ಎಲೆಯ ಗಿಡ ತಿರುಚಿಕೊಂಡು ಎರಡು ಮೂರು ವಾರದಲ್ಲಿ ಸಾಯುತ್ತದೆ, ಹುಲ್ಲಿನ ಜಾತಿ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಅಂಗಡಿಯಲ್ಲಿ ಇದು ಅಮೈನ್ ಲವಣ, ಸೋಡಿಯಂ ಲವಣ, ಈಥೈಲ್ ಎಸ್ಟರ್ ಎಂಬ ಮೂರು ರೂಪದಲ್ಲಿ ಸಿಗುತ್ತದೆ. ನಮ್ಮ ಬಿಸಿಲಿನಲ್ಲಿ ಎಸ್ಟರ್ ಆವಿಯಾಗಿ ಗಾಳಿಯಲ್ಲಿ ಸಾಗಿ ದೂರದ ಗಿಡಗಳನ್ನೂ ಕೆಡಿಸುವುದರಿಂದ ವಸತಿ ಪ್ರದೇಶದ ಹಾಸಿಗೆ ಅದನ್ನು ತರಲೇಬಾರದು. ಶೇ. 58ರ ಅಮೈನ್ ಲವಣವೇ ಆಯ್ಕೆಯಾಗಿರಲಿ. ಮೆಟ್ಸಲ್ಫ್ಯೂರಾನ್ ಮೀಥೈಲ್ ಕೂಡ ಅಗಲ ಎಲೆಯ ಕಳೆಗೆ ಪರಿಣಾಮಕಾರಿ, ಗರಿಕೆ ಅದನ್ನು ತಡೆಯುತ್ತದೆ. ಆದರೆ ಕ್ಷಾರಗುಣದ ಮಣ್ಣಿನಲ್ಲಿ ಅದು ಬೇಗ ಕರಗಿಹೋಗದೆ ಉಳಿಯುತ್ತದೆ. ನಮ್ಮ ಕಪ್ಪುಮಣ್ಣು ಬಹುಮಟ್ಟಿಗೆ ಅಂಥದ್ದೇ. ಹಾಸಿನ ಅಂಚಿನಲ್ಲಿ ಹೂಗಿಡ, ನಡುವೆ ಮರಗಳಿರುವ ಕಡೆ ಅವುಗಳ ಬೇರುಗಳಿಗೆ ತೊಂದರೆಯಾಗುವುದರಿಂದ ಮನೆಯಂಗಳಕ್ಕೆ ನಾನು ಇದನ್ನು ಸೂಚಿಸುವುದಿಲ್ಲ.

ಕೊನ್ನಾರಿಗೆ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಶೇ. 75ರ ಹರಳು. ಕಬ್ಬಿನ ಕೊನ್ನಾರಿಗೆ ಅನುಮೋದಿತವಾಗಿರುವ ಇದನ್ನು ಹೊರದೇಶಗಳಲ್ಲಿ ಗರಿಕೆ, ಜಾಯ್ಸಿಯಾ ಹಾಸುಗಳ ಮೇಲೂ ಬಳಸುತ್ತಾರೆ. 2,4-ಡಿ ಕೊನ್ನಾರಿಯ ಸೊಪ್ಪನ್ನು ಬಾಡಿಸಿದರೂ ಗಡ್ಡೆಯನ್ನು ಮುಟ್ಟುವುದಿಲ್ಲ.

ಹುಲ್ಲಿನ ಜಾತಿಯ ಕಳೆ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಹುಲ್ಲಿನೊಳಗಿನ ಹುಲ್ಲನ್ನು ಆಯ್ದು ಕೊಲ್ಲುವ ಔಷಧಿ ನಮ್ಮ ಅಂಗಡಿಗಳಲ್ಲಿ ಇಲ್ಲವೆಂದೇ ಹೇಳಬೇಕು. ಇಲ್ಲಿ ಮೊಳಕೆಗೆ ಮುನ್ನವೇ ತಡೆಯುವ ಪೆಂಡಿಮೆಥಾಲಿನ್ ನೆರವಾಗುತ್ತದೆ. ಅದು ಮೊಳೆಯುತ್ತಿರುವ ಬೀಜದ ಬೇರು ಮತ್ತು ಚಿಗುರಿನ ಕೋಶ ವಿಭಜನೆಯನ್ನು ನಿಲ್ಲಿಸುತ್ತದೆ, ಈಗಾಗಲೇ ಬೆಳೆದು ನಿಂತ ಕಳೆಗೂ ಗಡ್ಡೆಗೂ ಏನೂ ಮಾಡುವುದಿಲ್ಲ. ಹುಲ್ಲಿನ ಹೊಸ ಬೇರನ್ನೂ ಅದು ಕುಂಠಿತಗೊಳಿಸುವುದರಿಂದ ಹೊಸ ಹಾಸಿಗೆ ಸಲ್ಲದು. ಅದರ ಹಳದಿ ಬಣ್ಣ ಸಿಮೆಂಟ್ ಕಟ್ಟೆ, ಟೈಲ್ಸ್, ಗೋಡೆಯ ಮೇಲೆ ಕಲೆಯಾಗಿ ಉಳಿಯುವುದನ್ನೂ ನೆನಪಿಡಬೇಕು.

ಇನ್ನು ಲಾನಿಗೆ ತರಬಾರದ ಔಷಧಿಗಳು. ಶೇಂಗಾ ಮತ್ತು ಈರುಳ್ಳಿ ಹೊಲಗಳಲ್ಲಿ ಹುಲ್ಲನ್ನು ಕೊಲ್ಲಲು ಬಳಸುವ ಕ್ವಿಜಾಲೋಫಾಪ್, ಹ್ಯಾಲಾಕ್ಸಿಫಾಪ್, ಫೆನಾಕ್ಸಾಪ್ರಾಪ್‌ಗಳು ಗರಿಕೆಯ ಕುಲವನ್ನೇ ಗುರಿಯಾಗಿಸಿಕೊಂಡವು. ಚಳ್ಳಕೆರೆ ಭಾಗದ ಯಾವ ಅಂಗಡಿಯಲ್ಲಿ "ಕಳೆಗೆ ಎಣ್ಣೆ ಕೊಡಿ" ಎಂದಷ್ಟೇ ಕೇಳಿದರೂ ಇವು ಕೈಗೆ ಬರುವ ಸಂಭವವಿದೆ. ಮೆಕ್ಕೆಜೋಳಕ್ಕೆ ಕೊಡುವ ಟೆಂಬೋಟ್ರಯೋನ್ ಗರಿಕೆಯನ್ನು ಬೆಳ್ಳಗೆ ಬಿಳಿಚುತ್ತದೆ. ಪ್ಯಾರಾಕ್ವಾಟ್ ಮುಟ್ಟಿದ ಹಸಿರನ್ನೆಲ್ಲ ಸುಡುತ್ತದೆ. ಅದು ಮನುಷ್ಯನ ಹೊಟ್ಟೆಗೆ ಹೋದರೆ ಪ್ರತಿವಿಷವೇ ಇಲ್ಲ. ಮಕ್ಕಳಿರುವ ಮನೆಯ ಹೊಸ್ತಿಲೊಳಗೆ ಅದು ಬರಬಾರದು. ಗ್ಲೈಫೋಸೇಟ್ ಹುಲ್ಲನ್ನೂ ಕಳೆಯನ್ನೂ ಒಟ್ಟಿಗೆ ಕೊಲ್ಲುತ್ತದೆ. ಅಲ್ಲದೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶ ಅದರ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಿತು.

ಕೊಳ್ಳುವಾಗ ಸೀಲು ಒಡೆಯದ ಡಬ್ಬಿ, ಅವಧಿ ಮುಗಿಯದ ದಿನಾಂಕ, ಬ್ಯಾಚ್ ಸಂಖ್ಯೆ ಬರೆದ ಬಿಲ್ಲು ಈ ಮೂರನ್ನೂ ನೋಡಿಕೊಳ್ಳಿ. ಲೇಬಲ್ಲಿನ ವಜ್ರಾಕೃತಿಯ ಗುರುತಿನ ಬಣ್ಣ ವಿಷದ ತೀವ್ರತೆಯನ್ನು ಹೇಳುತ್ತದೆ: ಕೆಂಪು ಅತಿ ತೀವ್ರ, ಅನಂತರ ಹಳದಿ, ನೀಲಿ, ಕೊನೆಗೆ ಹಸಿರು. ಅರ್ಧ ಲೀಟರಿನ ಡಬ್ಬಿಯಿಂದ ಸಣ್ಣ ಬಾಟಲಿಗೆ ಬಗ್ಗಿಸಿ ಕೊಡುವವರಿಂದ ಕೊಳ್ಳಬೇಡಿ.

ಯಾವಾಗ ಹೊಡೆಯಬೇಕು

ಕಳೆ ಚುರುಕಾಗಿ ಬೆಳೆಯುತ್ತಿರುವಾಗ ಮಾತ್ರ ಎಲೆಗೆ ಹೊಡೆದ ಔಷಧಿ ಬೇರಿನವರೆಗೆ ಇಳಿಯುತ್ತದೆ. ಬಾಡಿದ, ಧೂಳು ಹಿಡಿದ ಕಳೆಗೆ ಹೊಡೆದದ್ದು ವ್ಯರ್ಥ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ 2,4-ಡಿ ಹುಲ್ಲನ್ನೂ ಸುಡಬಲ್ಲದು. ದಿನದ ಉಷ್ಣತೆ 32 ಡಿಗ್ರಿ ದಾಟುವ ದಿನಗಳಲ್ಲಿ ಅದನ್ನು ಮುಟ್ಟದಿರುವುದೇ ಕ್ಷೇಮ. ಬಯಲುಸೀಮೆಯ ಲೆಕ್ಕದಲ್ಲಿ ಪೆಂಡಿಮೆಥಾಲಿನ್‌ಗೆ ಒಳ್ಳೆಯ ಕಾಲ ಮೇ ತಿಂಗಳ ಕೃತ್ತಿಕೆ ಮಳೆಯ ಹೊತ್ತು, ಅಂದರೆ ರೋಹಿಣಿ, ಮೃಗಶಿರ ಮಳೆಗಳಿಗೆ ಕಳೆಬೀಜ ಏಳುವ ಮುನ್ನ. ಎಲೆಗೆ ಹೊಡೆಯುವ ಔಷಧಿಗಳಿಗೆ ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ, ಕಳೆ ಮೂರರಿಂದ ಐದು ಎಲೆಯಲ್ಲಿದ್ದು ಹೂ ಬಿಡದಿರುವಾಗ.

ಆದರೆ ಜೂನ್, ಜುಲೈ ತಿಂಗಳು ಗಾಳಿಯ ಕಾಲವೂ ಹೌದು. ಚಿತ್ರದುರ್ಗದ ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳು ಸುಮ್ಮನೆ ಅಲ್ಲಿ ನಿಂತಿಲ್ಲ. ಮಧ್ಯಾಹ್ನದ ಬೀಸುಗಾಳಿಯಲ್ಲಿ ಸಿಂಪಡಿಸಿದ 2,4-ಡಿಯ ಸೂಕ್ಷ್ಮ ಹನಿಗಳು ಪಕ್ಕದ ಹೊಲಕ್ಕೆ ಹೋಗುತ್ತವೆ. ಹತ್ತಿ ಗಿಡ ಈ ಔಷಧಿಗೆ ಅತ್ಯಂತ ಸೂಕ್ಷ್ಮ. ತೀರ ಅಲ್ಪ ಪ್ರಮಾಣ ತಗುಲಿದರೂ ಎಲೆ ಬೆರಳುಗಳಂತೆ ಸೀಳಿ ಕಿರಿದಾಗುತ್ತದೆ. ಟೊಮೆಟೊ, ದ್ರಾಕ್ಷಿ, ಮನೆಯ ಗುಲಾಬಿಗೂ ಅದೇ ಗತಿ. ಊರಂಚಿನ ಬಡಾವಣೆಗಳಲ್ಲಿ ಕಾಂಪೌಂಡಿನ ಆಚೆಗೇ ಹೊಲವಿರುತ್ತದೆ. ಆ ಹೊಲದವರ ಒಂದು ವರ್ಷದ ದುಡಿಮೆಗಿಂತ ನಮ್ಮ ಲಾನು ದೊಡ್ಡದಲ್ಲ. ಬೆಳಗ್ಗೆ ಆರೂವರೆಯಿಂದ ಒಂಬತ್ತರ ನಡುವೆ, ಎಲೆಯ ಮೇಲಿನ ಇಬ್ಬನಿ ಆರಿದ ಮೇಲೆ, ಮರದ ಎಲೆ ಮೆಲ್ಲಗೆ ಅಲುಗುವಷ್ಟು ಗಾಳಿ ಇದ್ದಾಗ ಹೊಡೆಯಿರಿ. ಎಲೆಯೂ ಅಲುಗದ ಪೂರ್ಣ ನಿಶ್ಚಲ ಮುಂಜಾವಿನಲ್ಲಿ ಸಣ್ಣ ಹನಿ ಗಾಳಿಯಲ್ಲೇ ತೇಲಿ ಎಲ್ಲಿಗೋ ಹೋಗುವುದರಿಂದ ಆಗಲೂ ಕಾಯಬೇಕು. ಹೊಡೆದ ಮೇಲೆ ಕನಿಷ್ಠ ಆರು ಗಂಟೆ ಮಳೆ ಬಾರದ ದಿನವನ್ನು ಆರಿಸಿಕೊಳ್ಳಿ. ಹೊಡೆಯುವ ಎರಡು ದಿನ ಮುಂಚೆ ಮತ್ತು ಎರಡು ದಿನ ಅನಂತರ ಹುಲ್ಲು ಕತ್ತರಿಸಬೇಡಿ, ಔಷಧಿ ಹಿಡಿಯಲು ಕಳೆಗೆ ಎಲೆ ಬೇಕು.

ಅಳತೆ: ಗುಂಟೆಯ ಲೆಕ್ಕ

ಹಾಸು ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ. "ಒಂದು ಪಂಪಿಗೆ ಎರಡು ಮುಚ್ಚಳ" ಎಂಬ ರೂಢಿಯ ಲೆಕ್ಕಕ್ಕೆ ಅರ್ಥವಿಲ್ಲ, ಏಕೆಂದರೆ ಆ ಪಂಪು ಎಷ್ಟು ಜಾಗಕ್ಕೆ ಬರುತ್ತದೆ ಎಂಬುದು ನಡೆಯುವವರ ವೇಗ, ನಳಿಕೆ, ಒತ್ತಡವನ್ನು ಅವಲಂಬಿಸುತ್ತದೆ. ಪ್ರಮಾಣ ಯಾವಾಗಲೂ ನೆಲದ ವಿಸ್ತೀರ್ಣಕ್ಕೆ.

ನಮ್ಮ ಗುಂಟೆ ಇಲ್ಲಿ ಬಹಳ ಅನುಕೂಲಕ್ಕೆ ಬರುತ್ತದೆ. ಒಂದು ಗುಂಟೆಗೆ 1,089 ಚದರ ಅಡಿ, ಅಂದರೆ ಸುಮಾರು 101 ಚದರ ಮೀಟರ್. ಹೆಕ್ಟೇರಿಗೆ 10,000 ಚದರ ಮೀಟರ್. ಹೀಗಾಗಿ ಲೇಬಲ್ಲಿನ ಹೆಕ್ಟೇರ್ ಪ್ರಮಾಣವನ್ನು ನೂರರಿಂದ ಭಾಗಿಸಿದರೆ ಒಂದು ಗುಂಟೆಯ ಪ್ರಮಾಣ ಸಿಗುತ್ತದೆ. ಎಕರೆಯ ಪ್ರಮಾಣ ಕೊಟ್ಟಿದ್ದರೆ ನಲವತ್ತರಿಂದ ಭಾಗಿಸಬೇಕು. ಹಾಸನ್ನು ಟೇಪಿನಿಂದ ಅಳೆದು, ಕಾಲುದಾರಿ, ಹೂವಿನ ಪಾತಿ, ಕಟ್ಟೆಗಳನ್ನು ಕಳೆದು ನಿಖರವಾದ ಗುಂಟೆ ಬರೆದಿಟ್ಟುಕೊಳ್ಳಿ.

ಅನಂತರ ಪಂಪನ್ನು ಅಳೆಯಬೇಕು. ಕೀಟನಾಶಕಕ್ಕೆ ಬಳಸುವ ಕೋನಾಕಾರದ ನಳಿಕೆ ತೆಗೆದು, ಕಳೆನಾಶಕಕ್ಕೆಂದೇ ಇರುವ ಫ್ಲಾಟ್ ಫ್ಯಾನ್ ನಳಿಕೆ ಹಾಕಿ. ಅದರ ಹನಿ ದಪ್ಪ, ಹಾರುವುದು ಕಡಿಮೆ. 10 ಮೀಟರ್ ಉದ್ದ, 5 ಮೀಟರ್ ಅಗಲದ ಒಂದು ಚೌಕವನ್ನು ಸುಣ್ಣದಿಂದ ಗುರುತು ಮಾಡಿ, ಪಂಪಿಗೆ ಅಳೆದು ಬರಿಯ ನೀರು ತುಂಬಿ, ನೀವು ನಿಜವಾಗಿ ಹೊಡೆಯುವ ವೇಗದಲ್ಲೇ ಆ ಜಾಗಕ್ಕೆ ಸಮನಾಗಿ ಸಿಂಪಡಿಸಿ, ಉಳಿದ ನೀರನ್ನು ಅಳೆಯಿರಿ. ಎರಡೂವರೆ ಲೀಟರ್ ಖರ್ಚಾಗಿದ್ದರೆ ಗುಂಟೆಗೆ ಐದು ಲೀಟರ್ ಬೇಕು. 16 ಲೀಟರಿನ ಬ್ಯಾಟರಿ ಪಂಪು 3.2 ಗುಂಟೆಗೆ ಬರುತ್ತದೆ. ಈಗ ನಿಮಗೆ ಬರೆದುಕೊಟ್ಟ ಪ್ರಮಾಣ ಹೆಕ್ಟೇರಿಗೆ ಒಂದು ಲೀಟರ್ ಎಂದಿಟ್ಟುಕೊಳ್ಳೋಣ. ಗುಂಟೆಗೆ 10 ಮಿಲಿಲೀಟರ್, ತುಂಬಿದ ಪಂಪಿಗೆ 32 ಮಿಲಿಲೀಟರ್. ಇದನ್ನು ಸೂಜಿಯಿಲ್ಲದ ಸಿರಿಂಜಿನಿಂದ ಅಳೆದು, ಆ ಸಿರಿಂಜಿಗೆ ಕೆಂಪು ಪಟ್ಟಿ ಸುತ್ತಿ ಬೇರೆ ಯಾವುದಕ್ಕೂ ಬಳಸದಂತೆ ಇಡಿ. ಹ್ಯಾಲೋಸಲ್ಫ್ಯೂರಾನ್‌ಗೆ ಕಬ್ಬಿನಲ್ಲಿ ಹೆಕ್ಟೇರಿಗೆ 90 ಗ್ರಾಂ ಹರಳಿನ ಪ್ರಮಾಣವಿದೆ. ಗುಂಟೆಯ ಲೆಕ್ಕದಲ್ಲಿ ಅದು 0.9 ಗ್ರಾಂ, ಚಿಟಿಕೆಯಷ್ಟು. ಕಣ್ಣಂದಾಜಿನಲ್ಲಿ ಹಾಕಿದರೆ ಎರಡು ಮೂರು ಪಟ್ಟಾಗುವುದು ಖಂಡಿತ. ಗ್ರಾಮಿನ ನೂರನೇ ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಇಲ್ಲದೆ ಈ ಔಷಧಿಗೆ ಕೈ ಹಾಕಬಾರದು.

ನೀರು ಮತ್ತು ಮಿಶ್ರಣ

ನಮ್ಮ ಜಿಲ್ಲೆಗಳ ಕೊಳವೆಬಾವಿಯ ನೀರು ಅನೇಕ ಕಡೆ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು 2,4-ಡಿ ಅಮೈನಿನ ಜೊತೆ ಕೂಡಿಕೊಂಡು ಅದರ ಶಕ್ತಿಯನ್ನು ಕುಗ್ಗಿಸುತ್ತವೆ. ಔಷಧಿ ನಕಲಿ ಎಂದು ದೂರುವವರು ಮೊದಲು ನೀರನ್ನು ನೋಡಬೇಕು: ಪಾತ್ರೆಯಲ್ಲಿ ಬಿಳಿ ಗಾರೆ ಕಟ್ಟುವ ನೀರಾದರೆ ಮಳೆನೀರು ಅಥವಾ ನಲ್ಲಿಯ ಸಿಹಿನೀರು ಬಳಸಿ. ಕೆಸರು ಕದಡಿದ ಕೆರೆ, ಕಾಲುವೆಯ ನೀರೂ ಬೇಡ.

ಪಂಪಿಗೆ ಅರ್ಧ ನೀರು ತುಂಬಿ. ಹರಳು ರೂಪದ ಔಷಧಿಯನ್ನು ಮೊದಲು ಚಿಕ್ಕ ಮಗ್ಗಿನಲ್ಲಿ ಪೂರ್ತಿ ಕರಗಿಸಿ ಪಂಪಿಗೆ ಸುರಿಯಿರಿ, ದ್ರವವನ್ನು ನೇರವಾಗಿ ಸುರಿಯಬಹುದು. ಉಳಿದ ನೀರು ಹಾಕಿ ಕಲಕಿ, ಅಂಟು ದ್ರಾವಣವನ್ನು ಕೊನೆಗೆ ಸೇರಿಸಿ, ಇಲ್ಲದಿದ್ದರೆ ನೊರೆ ಏಳುತ್ತದೆ. ಹ್ಯಾಲೋಸಲ್ಫ್ಯೂರಾನ್‌ಗೆ ಅಂಟು ಅತ್ಯಗತ್ಯ, ಏಕೆಂದರೆ ಕೊನ್ನಾರಿಯ ಮೇಣದಂಥ ಎಲೆಯ ಮೇಲೆ ಬರಿಯ ನೀರು ನಿಲ್ಲುವುದಿಲ್ಲ. ಲೀಟರಿಗೆ 2.5 ಮಿಲಿಲೀಟರಿನಂತೆ 16 ಲೀಟರಿಗೆ 40 ಮಿಲಿಲೀಟರ್ ಸಾಕು. ಬಟ್ಟೆ ಸೋಪಿನ ಪುಡಿ ಅದಕ್ಕೆ ಬದಲಿಯಲ್ಲ. ಬೇಕಾದಷ್ಟೇ ಬೆರೆಸಿ; ಉಳಿದದ್ದನ್ನು ನಾಳೆಗೆ ಇಡುವಂತಿಲ್ಲ, ಚರಂಡಿಗೆ ಚೆಲ್ಲುವಂತೆಯೂ ಇಲ್ಲ.

ಪೂರ್ತಿ ತೋಳಿನ ಅಂಗಿ, ಪ್ಯಾಂಟು, ರಬ್ಬರ್ ಕೈಗವಸು, ಗಂಬೂಟು, ಕಣ್ಣಿಗೆ ಕನ್ನಡಕ, ಮುಖಕ್ಕೆ ಮುಸುಕು ಇಲ್ಲದೆ ಡಬ್ಬಿ ತೆರೆಯಬೇಡಿ. ಕೂಲಿಯವರಿಂದ ಹೊಡೆಸುವುದಾದರೆ ಇವನ್ನು ಕೊಡಿಸುವ ಹೊಣೆ ಹೊಡೆಸುವವರದು. ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದುವ ಅಭ್ಯಾಸ ಇನ್ನೂ ಇದೆ. ಹಳೆಯ ಹಲ್ಲುಜ್ಜುವ ಬ್ರಷ್ಷೊಂದನ್ನು ಅದಕ್ಕೆಂದೇ ಕೊಡಿ.

ಸಿಂಪರಣೆ

ಇಡೀ ಹಾಸಿಗೆ ಹೊಡೆಯುವ ಮುನ್ನ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಚದರ ಮೀಟರಿಗೆ ಅದೇ ಪ್ರಮಾಣದಲ್ಲಿ ಹೊಡೆದು ಎರಡು ವಾರ ಕಾದು ನೋಡಿ. ಹುಲ್ಲು ಸ್ವಲ್ಪ ಹಳದಿಯಾಗಿ ಚೇತರಿಸಿಕೊಂಡರೆ ಮುಂದುವರಿಯಬಹುದು. ಒಣಗಿದರೆ ಅಲ್ಲಿಗೇ ಬಿಡಿ. ಎರಡು ವಾರದ ಈ ತಾಳ್ಮೆಗೆ ಬದಲಿಯಿಲ್ಲ.

ನಳಿಕೆಯನ್ನು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಒಂದೇ ಮಟ್ಟದಲ್ಲಿ ಹಿಡಿದು, ಅತ್ತಿತ್ತ ಬೀಸದೆ, ಒಂದೇ ವೇಗದಲ್ಲಿ ಹಿಮ್ಮುಖವಾಗಿ ಅಥವಾ ಪಕ್ಕಕ್ಕೆ ಸರಿಯುತ್ತ ನಡೆಯಿರಿ, ಹೊಡೆದ ಜಾಗವನ್ನು ತುಳಿಯದಂತೆ. ಪ್ರತಿ ಪಟ್ಟಿ ಹಿಂದಿನ ಪಟ್ಟಿಯ ಮೂರನೇ ಒಂದು ಭಾಗವನ್ನು ಮುಚ್ಚಬೇಕು. ಎರಡು ಕಡೆ ಗೂಟ ನೆಟ್ಟು ದಾರ ಕಟ್ಟಿಕೊಂಡರೆ ಪಟ್ಟಿ ತಪ್ಪುವುದಿಲ್ಲ. ಹೂಗಿಡಗಳ ಪಾತಿಯ ಕಡೆ ರಟ್ಟಿನ ಹಲಗೆಯನ್ನು ಮರೆಯಾಗಿ ಹಿಡಿಯಲು ಒಬ್ಬರು ಜೊತೆಗಿರಲಿ. ಕಳೆ ಅಲ್ಲಲ್ಲಿ ಗುಂಪಾಗಿದ್ದರೆ ಆ ಗುಂಪುಗಳಿಗೆ ಮಾತ್ರ ಹೊಡೆಯಿರಿ, ಎಲೆ ನೆನೆಯುವಷ್ಟು, ತೊಟ್ಟಿಕ್ಕುವಷ್ಟಲ್ಲ. ಪೆಂಡಿಮೆಥಾಲಿನ್ ಆದರೆ ಕ್ರಮ ಬೇರೆ: ಸಿಂಪಡಿಸಿದ ಮೇಲೆ ಸುಮಾರು ಒಂದು ಸೆಂಟಿಮೀಟರ್ ಮಳೆಯಷ್ಟು ನೀರು ಕೊಟ್ಟು ಅದನ್ನು ಮಣ್ಣಿನ ಮೇಲ್ಪದರಕ್ಕೆ ಇಳಿಸಬೇಕು.

ಕೊನ್ನಾರಿಗೆ ಎರಡು ವರ್ಷದ ಯೋಜನೆ

ಕೊನ್ನಾರಿಯನ್ನು ಒಂದೇ ಸಿಂಪರಣೆಗೆ ಮುಗಿಸುವ ಭರವಸೆ ಯಾರು ಕೊಟ್ಟರೂ ನಂಬಬೇಡಿ. ಅದರ ಗಡ್ಡೆಗಳು ಬಹುಪಾಲು ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿ, ತೆಳು ಬೇರುಕಾಂಡದಿಂದ ಒಂದಕ್ಕೊಂದು ಪೋಣಿಸಿಕೊಂಡು ಇರುತ್ತವೆ. ತುದಿಯ ಗಡ್ಡೆ ಚಿಗುರಿದಾಗ ಉಳಿದವು ನಿದ್ರಿಸುತ್ತವೆ, ಆ ಚಿಗುರನ್ನು ಕಿತ್ತು ಸರಪಳಿ ಕಡಿದರೆ ನಿದ್ರಿಸುತ್ತಿದ್ದವೂ ಏಳುತ್ತವೆ. ಕಿತ್ತಷ್ಟೂ ಹೆಚ್ಚುತ್ತದೆ ಎಂಬ ಅನುಭವಕ್ಕೆ ಇದೇ ಕಾರಣ.

ಆದ್ದರಿಂದ ಮಳೆಗಾಲದ ಆರಂಭದಲ್ಲಿ ಮೊದಲ ಚಿಗುರುಗಳೆಲ್ಲ ಎದ್ದು ಮೂರರಿಂದ ಐದು ಎಲೆ ಬಿಡುವವರೆಗೆ ಕತ್ತರಿಸದೆ, ಕೀಳದೆ ಕಾಯಿರಿ. ಆಗ ಹ್ಯಾಲೋಸಲ್ಫ್ಯೂರಾನನ್ನು ಅಂಟಿನೊಂದಿಗೆ ಹೊಡೆದರೆ ಅದು ಎಲೆಯಿಂದ ಗಡ್ಡೆಗೆ ಇಳಿಯುತ್ತದೆ. ಮೊದಲ ವಾರ ಏನೂ ಕಾಣುವುದಿಲ್ಲ. ಔಷಧಿ ಕೆಲಸ ಮಾಡಲಿಲ್ಲವೆಂದು ಮತ್ತೆ ಹೊಡೆಯುವುದು ಆಗಬಾರದು. ಎರಡರಿಂದ ಮೂರು ವಾರದಲ್ಲಿ ಹಳದಿಯಾಗಿ, ನಡುಚಿಗುರು ಕಂದಾಗಿ ಒಣಗುತ್ತದೆ. ಆರರಿಂದ ಎಂಟು ವಾರದ ಹೊತ್ತಿಗೆ ಹೊಸದಾಗಿ ಎದ್ದ ಚಿಗುರುಗಳಿಗೆ ಮಾತ್ರ, ಗುಂಪು ಗುಂಪಾಗಿ, ಎರಡನೇ ಸಿಂಪರಣೆ. ಈ ನಡುವೆ ಸೋರುವ ನಲ್ಲಿ, ನೀರು ನಿಲ್ಲುವ ತಗ್ಗು ಸರಿಪಡಿಸಿ, ಏಕೆಂದರೆ ಸದಾ ಹಸಿಯಾಗಿರುವ ಜಾಗ ಕೊನ್ನಾರಿಯ ತವರು. ಮುಂದಿನ ಮಳೆಗಾಲದಲ್ಲಿ ಉಳಿದವಕ್ಕೆ ಇದೇ ಕ್ರಮ.

ಹಾಸು ಇನ್ನೂ ಹಾಕಿಲ್ಲವಾದರೆ ನಿಮ್ಮ ಅದೃಷ್ಟ ದೊಡ್ಡದು. ಬೇಸಿಗೆಯಲ್ಲಿ ನೆಲವನ್ನು ಅಗೆದು ಗಡ್ಡೆಗಳನ್ನು ಬಿಸಿಲಿಗೆ ಒಡ್ಡಿ ಒಣಗಿಸಿ, ಆಯ್ದು ತೆಗೆಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಸಮ ಮಾಡಿ, ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚು ಮುಚ್ಚಿ ನಾಲ್ಕರಿಂದ ಆರು ವಾರ ಹೊದಿಸಿದರೆ ಮೇಲ್ಪದರದ ಕಳೆಬೀಜಗಳಲ್ಲಿ ಬಹುಪಾಲು ಬೆಂದುಹೋಗುತ್ತವೆ. ಆಳದ ಕೊನ್ನಾರಿ ಗಡ್ಡೆ ಇದಕ್ಕೆ ಪೂರ್ತಿ ಸಾಯುವುದಿಲ್ಲವಾದ್ದರಿಂದ ಹಾಳೆ ತೆಗೆದು ನೀರು ಕೊಟ್ಟು, ಎದ್ದದ್ದನ್ನು ನಾಶಮಾಡಿ, ಮತ್ತೊಮ್ಮೆ ಹಾಗೆಯೇ ಮಾಡಿ ಅನಂತರ ಹುಲ್ಲು ನೆಡಬೇಕು.

ಹೊಡೆದ ಮೇಲೆ

ಔಷಧಿ ಪೂರ್ತಿ ಆರುವವರೆಗೆ, ಮರುದಿನದವರೆಗಾದರೆ ಇನ್ನೂ ಒಳ್ಳೆಯದು, ಮಕ್ಕಳನ್ನೂ ನಾಯಿ, ದನಗಳನ್ನೂ ಹಾಸಿನ ಮೇಲೆ ಬಿಡಬೇಡಿ. ನಮ್ಮೂರುಗಳಲ್ಲಿ ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಉದ್ಯಾನದ ಹಾಸಿನಿಂದ ಗಣಪತಿ ಪೂಜೆಗೆ ಗರಿಕೆ ಕೀಳುವವರಿದ್ದಾರೆ, ಗೋಣಿ ಸೊಪ್ಪನ್ನು ಸಾರಿಗೆ ಬಿಡಿಸಿಕೊಂಡು ಹೋಗುವವರಿದ್ದಾರೆ, ಕತ್ತರಿಸಿದ ಹುಲ್ಲನ್ನು ಹಸುವಿಗೆ ಒಯ್ಯುವವರಿದ್ದಾರೆ. ಔಷಧಿ ಹೊಡೆದ ದಿನಾಂಕವನ್ನೂ "ಗರಿಕೆ, ಸೊಪ್ಪು ಕೀಳಬೇಡಿ, ಹುಲ್ಲು ದನಕ್ಕೆ ಹಾಕಬೇಡಿ" ಎಂಬ ಮಾತನ್ನೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ನಾಲ್ಕೂ ಕಡೆ ಫಲಕ ನಿಲ್ಲಿಸಿ. ಭಾದ್ರಪದದ ಚೌತಿ ಹತ್ತಿರವಿದ್ದರೆ ಸಿಂಪರಣೆಯನ್ನು ಹಬ್ಬದ ಆಚೆಗೆ ಮುಂದೂಡುವುದೇ ಸರಿ. ಮೊದಲ ಕೆಲವು ಬಾರಿ ಕತ್ತರಿಸಿದ ಹುಲ್ಲನ್ನು ತರಕಾರಿ ಪಾತಿಗೆ ಹೊದಿಸಬೇಡಿ, ಅದರಲ್ಲಿ ಉಳಿದ 2,4-ಡಿ ಟೊಮೆಟೊ, ಬದನೆ, ಹುರುಳಿಕಾಯಿ ಗಿಡಗಳನ್ನು ತಿರುಚಿಸಬಲ್ಲದು.

ಕಳೆನಾಶಕಕ್ಕೆ ಪ್ರತ್ಯೇಕ ಪಂಪನ್ನೇ ಇಟ್ಟುಕೊಳ್ಳುವುದು ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ಮೂರು ಬಾರಿ ನೀರಿನಿಂದ, ನಡುವೆ ಒಮ್ಮೆ ವಾಷಿಂಗ್ ಸೋಡಾ ಬೆರೆಸಿದ ನೀರನ್ನು ರಾತ್ರಿಯಿಡೀ ನಿಲ್ಲಿಸಿ ತೊಳೆಯಬೇಕು. ನಳಿಕೆ, ಕೊಳವೆ, ಸೋಸುಗ ಎಲ್ಲವನ್ನೂ ಬಿಚ್ಚಿ ತೊಳೆಯದಿದ್ದರೆ ಮುಂದಿನ ಸಲ ಗುಲಾಬಿಗೆ ಹೊಡೆಯುವ ಔಷಧಿಯೊಂದಿಗೆ ಉಳಿಕೆಯೂ ಹೋಗುತ್ತದೆ. ತೊಳೆದ ನೀರನ್ನು ಅದೇ ಹಾಸಿನ ಕಳೆಯಿರುವ ಭಾಗಕ್ಕೆ ತೆಳುವಾಗಿ ಸಿಂಪಡಿಸಿ. ಖಾಲಿ ಡಬ್ಬಿಯನ್ನು ಮೂರು ಬಾರಿ ತೊಳೆದು, ಆ ನೀರನ್ನು ಪಂಪಿಗೇ ಹಾಕಿಕೊಂಡು, ಡಬ್ಬಿಗೆ ತೂತು ಹಾಕಿ ಯಾರೂ ಮರಳಿ ಬಳಸದಂತೆ ಮಾಡಿ. ಉಳಿದ ಔಷಧಿ ಮೂಲ ಡಬ್ಬಿಯಲ್ಲೇ, ಬೀಗದೊಳಗೆ ಇರಲಿ. ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ ಸೋಪಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರು ಹಾಯಿಸಿ. ಹೊಟ್ಟೆಗೆ ಹೋದರೆ ಮನೆಮದ್ದು ಮಾಡದೆ, ವಾಂತಿ ಮಾಡಿಸದೆ, 108ಕ್ಕೆ ಕರೆ ಮಾಡಿ, ಲೇಬಲ್ ಸಮೇತ ಆಸ್ಪತ್ರೆಗೆ ಹೋಗಿರಿ.

ಮೂರು ನಾಲ್ಕು ವಾರಕ್ಕೆ ಅಗಲ ಎಲೆಯ ಕಳೆ ಸತ್ತು ನೆಲ ಬತ್ತಲಾಗುತ್ತದೆ. ಆ ಜಾಗವನ್ನು ಹಾಗೆಯೇ ಬಿಟ್ಟರೆ ಮುಂದಿನ ಮಳೆಗೆ ಅಲ್ಲಿ ಹೊಸ ಕಳೆ. ಸತ್ತದ್ದನ್ನು ಕೆರೆದು ತೆಗೆದು, ಚೆನ್ನಾಗಿ ಕಳಿತ ಗೊಬ್ಬರವನ್ನು ಜರಡಿ ಹಿಡಿದು ತೆಳುವಾಗಿ ಹರಡಿ, ಹಾಸಿನದೇ ಅಂಚಿನಿಂದ ಕಿತ್ತ ಗರಿಕೆಯ ಬಳ್ಳಿ ತುಂಡುಗಳನ್ನು ಗೇಣುದ್ದಕ್ಕೆ ಒಂದರಂತೆ ನೆಟ್ಟು, ಬೇರು ಹಿಡಿಯುವವರೆಗೆ ದಿನವೂ ನೀರುಣಿಸಿ. ಈ ತೇಪೆಗಳಿಗೆ ಆ ಹಂಗಾಮಿನಲ್ಲಿ ಮತ್ತೆ ಔಷಧಿ ಬೇಡ. ಅಲ್ಲಿ ಮೊಳೆತದ್ದನ್ನು ಕೈಯಿಂದಲೇ ತೆಗೆಯಿರಿ. ಹೊಡೆದ ಔಷಧಿ, ಪ್ರಮಾಣ, ದಿನಾಂಕ, ಅಂದಿನ ಹವೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವರ್ಷ ವರ್ಷವೂ ಒಂದೇ ಔಷಧಿಯನ್ನು ಹೊಡೆದರೆ ಅದನ್ನು ತಡೆದುಕೊಳ್ಳುವ ಗಿಡಗಳಷ್ಟೇ ಉಳಿದು ಹೆಚ್ಚುವುದರಿಂದ, ಮುಂದಿನ ವರ್ಷ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುವಾಗ ಕಳೆಯ ಗಿಡದ ಜೊತೆಗೆ ಆ ಪುಸ್ತಕವನ್ನೂ ಒಯ್ಯಿರಿ.